ತಿಥಿ ಹೇಳುವ ಪುಟ

ನನಗೆ ಒಂದು ಕಡೆ ಕುಳಿತು ರೂಢಿಯಿಲ್ಲ. ಹುಬ್ಬಳ್ಳಿಯ ಒಂದು ಕಂಪನಿಯಿಂದ "ನೀವು ಮಾಡಿದ ಪ್ರಾಜೆಕ್ಟುಗಳನ್ನು ತೋರಿಸಲು ಬನ್ನಿ" ಎಂದು ಮೇಲ್ ಬಂದ ದಿನ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಅದೆಷ್ಟು ಸಲ ಓಡಾಡಿದೆನೋ, ಅತ್ತೆ ಕೊನೆಗೆ "ಏನರೆ ಕಳದದೇನ? ಹೇಳು, ನಾನೂ ಹುಡುಕತೇನಿ" ಎಂದರು. ಕಳೆದದ್ದು ಏನೂ ಇರಲಿಲ್ಲ. ಅಲ್ಲಿಗೆ ಹೋಗಿ ತೋರಿಸಲು ನನ್ನ ಹತ್ತಿರ ಏನಿದೆ ಎಂಬುದೇ ಚಿಂತೆ.

ಆಗ ನನಗೆ ನಲವತ್ತೆರಡು. ಇಂಜಿನಿಯರಿಂಗ್ ಮುಗಿಸಿದ ಹೊಸತರಲ್ಲಿ ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮೂರು ವರ್ಷ ಕೋಡ್ ಬರೆದಿದ್ದೆ. ಕಂಪನಿ ಮುಚ್ಚಿತು, ಮದುವೆಯಾಯಿತು, ಹಾನಗಲ್ಲಿಗೆ ಬಂದೆ. ಊರಿನ ಹೈಸ್ಕೂಲೊಂದರಲ್ಲಿ "ಸದ್ಯಕ್ಕೆ" ಎಂದು ಗಣಿತ ಕಲಿಸಲು ಸೇರಿದವಳು ಹದಿಮೂರು ವರ್ಷ ಅಲ್ಲಿಯೇ ಉಳಿದೆ. ಹದಿಮೂರು ಸಲ ಅದೇ ತ್ರಿಭುಜ, ಅದೇ ವೃತ್ತ, ಅದೇ ತಿಂಗಳಲ್ಲಿ ಅದೇ ಪಾಠ. ಕೊನೆಯ ವರ್ಷ ಹಲಗೆಯ ಮೇಲೆ ವೃತ್ತ ಬರೆಯುವಾಗ ಕೈ ತನ್ನ ಪಾಡಿಗೆ ತಾನು ಬರೆಯುತ್ತಿದೆ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನಿಸಿ ಹೆದರಿಕೆಯಾಯಿತು. ಆ ಮಾರ್ಚ್ ತಿಂಗಳಲ್ಲಿ ರಾಜೀನಾಮೆ ಕೊಟ್ಟುಬಿಟ್ಟೆ.

ಗಂಡನಿಗೆ ಅದೇ ಸಂಜೆ ಹೇಳಿದೆ. ಅವರು ಶಿಗ್ಗಾವಿಯ ಕಾಲೇಜಿನಲ್ಲಿ ಗ್ರಂಥಪಾಲಕರು, ಯಾವುದಕ್ಕೂ ದನಿ ಎತ್ತುವವರಲ್ಲ. "ಮಾಡು, ಮುಂದಿಂದು ನೋಡೂಣು" ಎಂದರು. ಅತ್ತೆಗೆ ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ. ಹನ್ನೊಂದು ದಿನ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಊರಿನ ವಾಚನಾಲಯದಲ್ಲಿ ಕುಳಿತು ಸಂಜೆ ಮನೆಗೆ ಬಂದೆ. ಹನ್ನೆರಡನೆಯ ದಿನ ಡಬ್ಬಿಗೆ ಕೈ ಹಾಕಿದಾಗ ಅತ್ತೆ, "ಸಾಲಿ ಬಿಟ್ಟ ಮ್ಯಾಲೆ ಡಬ್ಬಿ ಯಾಕ? ಮನ್ಯಾಗ ಬಿಸಿ ಬಿಸಿ ಉಣ್ಣಲ್ಲಾ" ಎಂದರು. ಅವರಿಗೆ ಮೊದಲ ದಿನವೇ ಸುದ್ದಿ ಮುಟ್ಟಿತ್ತು. ಹಾನಗಲ್ಲು ಅಷ್ಟೇನೂ ದೊಡ್ಡ ಊರಲ್ಲ.

ಆಮೇಲೆ ಆರು ತಿಂಗಳ ಆನ್‌ಲೈನ್ ಕೋರ್ಸು ಸೇರಿದೆ. ನಾನು ಬಿಟ್ಟು ಬಂದ ಕಸುಬು ನನ್ನನ್ನು ಬಿಟ್ಟು ಬಹಳ ದೂರ ಹೋಗಿತ್ತು. ನನಗೆ ಬರುತ್ತಿದ್ದುದನ್ನು ಈಗ ಯಾರೂ ಬಳಸುತ್ತಿರಲಿಲ್ಲ, ಈಗ ಬಳಸುವುದು ನನಗೆ ಬರುತ್ತಿರಲಿಲ್ಲ. ಕೋರ್ಸಿನಲ್ಲಿದ್ದವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಕಲಿತದ್ದರಿಂದ ಒಂದೊಂದು ಪ್ರಾಜೆಕ್ಟು ಮಾಡಿ ಗುಂಪಿನಲ್ಲಿ ಹಾಕಬೇಕು, ಉಳಿದವರು ನೋಡಿ ಹೆಬ್ಬೆರಳು ಎತ್ತಬೇಕು, ಅದು ಪದ್ಧತಿ. ಮೊದಲನೆಯದು ಕೂಡಿಸಿ, ಕಳೆದು, ಗುಣಿಸುವ ಕ್ಯಾಲ್ಕ್ಯುಲೇಟರ್. ಗಂಡ ಅದರಲ್ಲಿ ಹನ್ನೆರಡನ್ನು ಹನ್ನೆರಡರಿಂದ ಗುಣಿಸಿ, "ಛಲೋ ಅದ. ಆದ್ರ ಇದು ಫೋನಿನಾಗ ಮೊದಲ ಅದಲ್ಲ?" ಎಂದರು. ಎರಡನೆಯದು ಮಾಡಬೇಕಾದ ಕೆಲಸಗಳ ಪಟ್ಟಿ, ಮೂರನೆಯದು ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ಊಹಿಸುವ ಆಟ. ಜಗತ್ತಿನಲ್ಲಿ ಹೊಸದಾಗಿ ಕೋಡ್ ಕಲಿಯುವವರೆಲ್ಲ ಮಾಡುವುದು ಇವೇ ಮೂರು. ಅಡುಗೆ ಬರುತ್ತದೆಯೇ ಎಂದು ಕೇಳಿದವರಿಗೆ ನೀರು ಕಾಯಿಸಿ ತೋರಿಸಿದ ಹಾಗೆ.

ನಾಲ್ಕನೆಯದು ಮಾತ್ರ ಯಾರೂ ಹೇಳಿಕೊಟ್ಟದ್ದಲ್ಲ. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಿತ್ತು, ಇನ್ನೊಂದಕ್ಕೆ ಆಗಬೇಕಿತ್ತು, ಪಂಚಾಂಗದ ಸಣ್ಣಕ್ಷರ ಕಾಣುತ್ತಿರಲಿಲ್ಲ. ದಿನಾ ಬೆಳಗ್ಗೆ "ಇವತ್ತು ಯಾವ ತಿಥಿ? ಏಕಾದಶಿ ಯಾವತ್ತ ಬಂತು?" ಎಂದು ಕೇಳುತ್ತಿದ್ದರು. ದಿನಾ ಹೇಳಿ ಬೇಸತ್ತು, ವರ್ಷದ ತಿಥಿಗಳನ್ನೆಲ್ಲ ಅವು ಮುಗಿಯುವ ಹೊತ್ತಿನ ಸಮೇತ ಪಂಚಾಂಗದಿಂದ ಒಂದೊಂದಾಗಿ ಟೈಪು ಮಾಡಿದೆ. ಮೂರು ವಾರ ಹಿಡಿಯಿತು. ಫೋನು ತೆರೆದರೆ ಅಂದಿನ ತಿಥಿ ಬೆರಳುದ್ದದ ಅಕ್ಷರದಲ್ಲಿ ಕಾಣುವ ಒಂದು ಪುಟ ತಯಾರಾಯಿತು. ಅದರ ಕೆಳಗೆ ಇನ್ನೊಂದು ಅನುಕೂಲವನ್ನೂ ಸೇರಿಸಿದೆ. ನಮ್ಮಲ್ಲಿ ತೀರಿಕೊಂಡವರ ಶ್ರಾದ್ಧ ನಡೆಯುವುದು ತಾರೀಖಿನ ಪ್ರಕಾರ ಅಲ್ಲ, ಅವರು ಹೋದ ತಿಥಿಯ ಪ್ರಕಾರ; ಹಾಗಾಗಿ ಪ್ರತಿ ವರ್ಷವೂ ದಿನ ಹುಡುಕಬೇಕು. ನನ್ನ ಪುಟದಲ್ಲಿ ಮಾಸ, ಪಕ್ಷ, ತಿಥಿ ಆರಿಸಿ ಒತ್ತಿದರೆ ಈ ವರ್ಷ ಯಾವ ದಿನ ಎಂದು ತೋರಿಸುತ್ತಿತ್ತು.

ಅತ್ತೆ ಮೊದಲು ಹಾಕಿಸಿದ್ದು ಮಾವನವರ ತಿಥಿ, ಆಶ್ವೀಜ ಬಹುಳ ಪಂಚಮಿ. ಬುಧವಾರ ಎಂದು ಬಂತು. ಅತ್ತೆ ಫೋನನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇಲ್ಲೆ ಅವರ ಹೆಸರೂ ಹಾಕಲಿಕ್ಕೆ ಬರ್ತದೇನ?" ಎಂದು ಕೇಳಿದರು. ಅರ್ಧ ತಾಸಿನಲ್ಲಿ ಅದನ್ನೂ ಮಾಡಿಕೊಟ್ಟೆ. ಅಷ್ಟು ಖುಷಿ ನನಗೆ ಮೊದಲ ಸಂಬಳ ಬಂದಾಗಲೂ ಆಗಿರಲಿಲ್ಲ.

ಮರುದಿನದಿಂದ ಅತ್ತೆಯ ಫೋನಿಗೆ ಪುರಸೊತ್ತಿಲ್ಲ. ಸವಣೂರಿನ ಬಳಗ, ಯಲವಿಗಿಯ ಬಳಗ, ಹಿರೇಕೆರೂರಿಗೆ ಕೊಟ್ಟ ಮಗಳು, ಆ ಮಗಳ ಅತ್ತೆಮನೆಯವರು, ಎಲ್ಲರಿಗೂ "ನಮ್ಮ ಸೊಸಿ ಮಾಡ್ಯಾಳ, ನೋಡ್ರಿ" ಎಂದು ಕಳಿಸಿದರು. ಎರಡು ತಿಂಗಳಲ್ಲಿ ನಲವತ್ತು ಮನೆಗಳವರು ತಮ್ಮ ತಮ್ಮ ಹಿರಿಯರ ತಿಥಿ ಹಾಕಿಟ್ಟುಕೊಂಡರು. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು, "ಭಾಳ ಛಂದ ಆಗೇದ" ಎಂಬ ಮಾತುಗಳು ದಿನಾ ಬರುತ್ತಿದ್ದವು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ನಾನು ಫೋನು ತೆಗೆದು ಇವತ್ತು ಎಷ್ಟು ಜನ ನೋಡಿದರು ಎಂದು ಎಣಿಸುತ್ತಿದ್ದೆ. ಒಂದು ದಿನ ಸಾರು ಸೀದು ಹೋಯಿತು.

ಹುಬ್ಬಳ್ಳಿಗೆ ಹೋಗಿ ತೋರಿಸಲು ಕಂಪನಿಯವರು ಮೊದಲು ಕೊಟ್ಟ ದಿನ ಬುಧವಾರ. ಆ ದಿನ ನಮ್ಮ ಮನೆಯಲ್ಲಿ ಶ್ರಾದ್ಧ, ಅಡುಗೆ ನನ್ನದು. "ಮಂಗಳವಾರ ಬಂದರೆ ನಡೆಯುತ್ತದೆಯೇ?" ಎಂದು ನಾನೇ ಕೇಳಿ ಬದಲಿಸಿಕೊಂಡೆ. ಅವರು ಒಪ್ಪಿದರು. ಆ ವಾರ ಕನ್ನಡಿಯ ಮುಂದೆ ನಿಂತು ನಾಲ್ಕನೆಯ ಪ್ರಾಜೆಕ್ಟನ್ನು ವಿವರಿಸುವುದನ್ನು ಎಷ್ಟು ಸಲ ಅಭ್ಯಾಸ ಮಾಡಿದೆನೋ ಲೆಕ್ಕವಿಲ್ಲ.

ಮಾವನವರ ಶ್ರಾದ್ಧ ಮಾಡಿಸುವ ಭಟ್ಟರು ಸವಣೂರಿನವರು. ಪ್ರತಿವರ್ಷ ಒಂದೆರಡು ದಿನ ಮುಂಚೆ ಅವರೇ ಫೋನು ಮಾಡಿ ದಿನ ಹೇಳುತ್ತಿದ್ದರು. ಈ ವರ್ಷ ಗಂಡ ನನ್ನ ಪುಟ ನೋಡಿ ಹೆಮ್ಮೆಯಿಂದ ತಾವೇ "ಬುಧವಾರ ಶ್ರಾದ್ಧ, ಬರಬೇಕು" ಎಂದು ಮುಂಚಿತವಾಗಿ ಮೆಸೇಜ್ ಹಾಕಿದ್ದರು. ಭಟ್ಟರು ಮೆಸೇಜ್ ನೋಡುವುದು ಅಪರೂಪ. ನೋಡಿದ್ದು ಸೋಮವಾರ ಬೆಳಗ್ಗೆ. ಕೂಡಲೇ ಫೋನು ಬಂತು.

"ಬುಧವಾರ ಅಂತ ಹಾಕೀರಲ್ಲ, ಶ್ರಾದ್ಧ ನಾಳೆ, ಮಂಗಳವಾರ ಅದರಿ. ಬುಧವಾರ ಮುಂಜಾನೆ ಒಂಬತ್ತೂವರಿಗೇ ಪಂಚಮಿ ಮುಗದು ಹೋಗ್ತದ."

ಗಂಡ ಫೋನು ಹಿಡಿದುಕೊಂಡೇ ನನ್ನ ಕಡೆ ನೋಡಿದರು. ನಾನು ಪಂಚಾಂಗ ತಂದು ಅವರ ಮುಂದೆ ಬಡಿದು, "ಬುಧವಾರ ಹೊತ್ತು ಹುಟ್ಟೋ ಮುಂದ ಪಂಚಮೀನ ಅದ, ನೋಡ್ರಿ!" ಎಂದೆ. ನನ್ನ ದನಿ ಏರಿತ್ತು. ಅತ್ತೆ ದೇವರ ಮನೆಯಿಂದ ಬಂದು, ಏನು ಎತ್ತ ಎಂದು ಕೇಳಿಕೊಂಡು, ನನಗೆ ಕುಳಿತುಕೊಳ್ಳಲು ಹೇಳಿದರು.

"ಹಬ್ಬಕ್ಕ ಮುಂಜಾನಿ ತಿಥಿ ನೋಡ್ತಾರ, ಖರೆ. ಶ್ರಾದ್ಧಕ್ಕ ಹಂಗಲ್ಲ. ಹೋದವರು ಬರೋದು ಮಧ್ಯಾಹ್ನ, ಊಟದ ಹೊತ್ತಿಗೆ. ಅವರು ಬರೋ ಹೊತ್ತಿಗೆ ಯಾವ ತಿಥಿ ಇರ್ತದ, ಅದ ಅವರ ತಿಥಿ. ಮಂಗಳವಾರ ಮಧ್ಯಾಹ್ನ ಪಂಚಮಿ ಇರ್ತದ. ಬುಧವಾರ ಮಧ್ಯಾಹ್ನ ಷಷ್ಠಿ ಬಂದಿರ್ತದ."

"ಇದನ್ನ ಮೊದಲ ಯಾಕ ಹೇಳಲಿಲ್ಲ ನೀವು?" ಎಂದೆ.

"ನೀ ಕೇಳಿಲ್ಲಲ್ಲ."

ಕೇಳಿರಲಿಲ್ಲ, ನಿಜ. ಹದಿನೈದು ವರ್ಷ ಈ ಮನೆಯ ಶ್ರಾದ್ಧದ ವಡೆ ಕರಿದವಳು, ಅದರ ದಿನ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಪಂಚಾಂಗದಲ್ಲಿಯೂ ಪ್ರತಿ ದಿನದ ಸಾಲಿನ ಕೊನೆಗೆ ಶ್ರಾದ್ಧದ ತಿಥಿ ಯಾವುದು ಎಂದು ಬೇರೆಯಾಗಿಯೇ ಅಚ್ಚಾಗಿತ್ತು. ಟೈಪು ಮಾಡುವಾಗ ಅದು ಹೆಚ್ಚಿನ ಗೋಜು ಎಂದು ಬಿಟ್ಟುಬಿಟ್ಟಿದ್ದೆ. ಗಣಿತದ ಟೀಚರಿಗೆ ಸೂರ್ಯೋದಯ ಎಂಬ ಒಂದೇ ನಿಯಮ ಸಾಕೆನ್ನಿಸಿತ್ತು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಪಾತ್ರೆ ತೊಳೆಯುವಾಗ ಒಂದು ಲೋಟ ನೆಗ್ಗಿತು.

ಶ್ರಾದ್ಧ ಮಂಗಳವಾರ, ಹುಬ್ಬಳ್ಳಿಯೂ ಮಂಗಳವಾರ. ಇನ್ನೊಮ್ಮೆ ದಿನ ಬದಲಿಸಿ ಎಂದು ಯಾವ ಬಾಯಿಂದ ಕೇಳಲಿ? ಹತ್ತು ಕಂಪನಿಗೆ ಬರೆದು, ಒಂಬತ್ತು ಉತ್ತರವನ್ನೇ ಕೊಡದೆ, ಇದೊಂದು ಕರೆದಿತ್ತು. ಇದೂ ತಪ್ಪಿದರೆ ಜೂನಿನಲ್ಲಿ ಮತ್ತೆ ಶಾಲೆಯ ಬಾಗಿಲು ತಟ್ಟುವುದೇ ಗತಿ ಎಂದು ನನಗೆ ಗೊತ್ತಿತ್ತು. "ಹುಬ್ಬಳ್ಳಿಗೆ ಹೋಗೂದಿಲ್ಲ" ಎಂದು ಹೇಳಿದೆ.

ಅತ್ತೆ ಎಳ್ಳು ಹಸನು ಮಾಡುತ್ತ ಕುಳಿತಿದ್ದವರು ತಲೆ ಎತ್ತಲಿಲ್ಲ. "ನಾಲ್ವತ್ತು ವರ್ಷ ಅವರಿಗೆ ನಾನ ಅಡಿಗಿ ಮಾಡಿ ಹಾಕೇನಿ. ನಾಳೆ ಒಂದ ದಿವಸ ನಾ ಮಾಡಿದರ ಬ್ಯಾಡ ಅಂತಾರೇನ? ನೀ ಹೋಗು." ಎಳ್ಳಿನೊಳಗಿನ ಕಲ್ಲೊಂದನ್ನು ಆರಿಸಿ ಆಚೆ ಇಟ್ಟು ಅಂದರು, "ಆದ್ರ ಒಂದು. ಆ ತಪ್ಪಿದ್ದನ್ನ ಛಲೋ ಅದ ಅಂತ ತೋರಿಸಿ ಕೆಲಸಾ ತೊಗೊಂಡ ಬರಬ್ಯಾಡ."

ಮರುದಿನ ಬೆಳಗಿನ ಬಸ್ಸಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದ ಹೆಂಗಸು ತೊಂದರೆಯಾಗದಂತೆ ತನ್ನ ಬುಟ್ಟಿಯನ್ನು ಕಾಲ ಕೆಳಗೆ ಸರಿಸಿಕೊಂಡಳು. ತಿಥಿ ಮುಗಿಯುವ ಹೊತ್ತು ಮೊದಲೇ ನನ್ನ ಬಳಿ ಇತ್ತು, ಬಳಸಿರಲಿಲ್ಲ, ಅಷ್ಟೆ. ಬಸ್ಸು ಕುಲುಕಿದಾಗಲೆಲ್ಲ ಬೆರಳು ಬೇರೆ ಕೀಲಿಗೆ ಬೀಳುತ್ತಿತ್ತು. ತಡಸ ದಾಟುವ ಹೊತ್ತಿಗೆ, ಸೂರ್ಯೋದಯದ ಬದಲು ಮಧ್ಯಾಹ್ನದ ತಿಥಿ ನೋಡುವಂತೆ ಮೂರು ಸಾಲು ಬದಲಿಸಿ ಮುಗಿಸಿದೆ. ಮಾವನವರ ತಿಥಿ ಹಾಕಿ ಒತ್ತಿದರೆ ಮಂಗಳವಾರ ಎಂದು ಬಂತು. ಮೂರೇ ಸಾಲು! ಈಗ ಇದು ಸರಿಯಾಗಿದೆ, ಹಾಗಾದರೆ ತಪ್ಪಿತ್ತು ಎಂದು ಯಾಕೆ ಹೇಳಬೇಕು ಎಂದು ಒಂದು ಮನಸ್ಸು ಹುಬ್ಬಳ್ಳಿಯವರೆಗೂ ನನ್ನನ್ನು ಪೀಡಿಸಿತು.

ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ನನ್ನ ಕೆಲಸ ನೋಡಲು ಕುಳಿತವಳು ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು, ಹಣೆಯಲ್ಲಿ ತೆಳುವಾಗಿ ವಿಭೂತಿ. ಹಾನಗಲ್ಲಿನಿಂದ ಬಂದೆ ಎಂದಾಗ "ನಮ್ಮೂರು ಅಬಲೂರ್ರಿ, ಹೊಲಾ ಮನಿ ಎಲ್ಲಾ ಅಲ್ಲೇ ಅದಾವ" ಎಂದು ನೀರು ತರಿಸಿಕೊಟ್ಟಳು. ಮೂರು ಪ್ರಾಜೆಕ್ಟು ತೋರಿಸಿದೆ. ಅವಳು ಸೌಜನ್ಯಕ್ಕೆ ತಲೆಯಾಡಿಸುತ್ತ ನೋಡಿದಳು.

"ಇವನ್ನ ಕೋರ್ಸಿನಾಗ ಎಲ್ಲಾರೂ ಮಾಡ್ತಾರ್ರಿ. ನೀವಾಗೇ ಮಾಡಿದ್ದು ಏನರ ಐತೇನ್ರಿ?"

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕನೆಯದನ್ನು ತೆರೆದೆ. ಕನ್ನಡಿಯ ಮುಂದೆ ಕಲಿತ ಮಾತೆಲ್ಲ ಬಿಟ್ಟು, "ಇದು ನಿನ್ನೆತನಕಾ ತಪ್ಪಿತ್ತರಿ" ಎಂದು ಶುರು ಮಾಡಿದೆ. ಇವತ್ತು ನಮ್ಮ ಮನೆಯಲ್ಲಿ ಶ್ರಾದ್ಧ, ಇದು ನಾಳೆ ಎಂದು ಹೇಳಿತ್ತು, ನಿನ್ನೆ ಬೆಳಗ್ಗೆ ಭಟ್ಟರಿಂದ ಗೊತ್ತಾಯಿತು, ಇದನ್ನು ನಂಬಿಯೇ ನಾನು ಮಂಗಳವಾರ ಕೇಳಿಕೊಂಡೆ, ಈಗ ಮನೆಯಲ್ಲಿ ನಮ್ಮ ಅತ್ತೆ ಒಬ್ಬರೇ ಒಲೆಯ ಮುಂದೆ ಇದ್ದಾರೆ ಎಂದು ಎಲ್ಲವನ್ನೂ ಹೇಳಿದೆ. ಅವಳು ಕುರ್ಚಿ ಮುಂದೆ ಎಳೆದುಕೊಂಡಳು. ಕೋಡ್ ತೋರಿಸಿ ಎಂದಳು. ಬೆಳಗ್ಗೆ ಬದಲಿಸಿದ ಮೂರು ಸಾಲನ್ನು ಎರಡೆರಡು ಸಲ ಓದಿ, "ಛಲೋ ಹಿಡದೀರಿ" ಎಂದಳು. ನಾನು ಉಬ್ಬಿ ಹೋದೆ.

"ಎಷ್ಟ ಮಂದಿ ಬಳಸಾಕತ್ತಾರ್ರಿ ಇದನ್ನ?"

"ನಲವತ್ತು ಮನಿಯವರು" ಎಂದೆ, ಆ ಉಬ್ಬಿನಲ್ಲಿಯೇ.

"ತಪ್ಪಿತ್ತು ಅಂತ ಅವರಿಗೆ ಹೇಳೀರೇನ್ರಿ?"

ನಾನು ಲ್ಯಾಪ್‌ಟಾಪಿನ ಪರದೆಯ ಕಡೆ ತಿರುಗಿದೆ. ಅವಳೇ ಮೆಲ್ಲಗೆ, "ನಿನ್ನೆ ಮುಂಜಾನೆ ಗೊತ್ತಾತು ಅಂದ್ರಿ" ಎಂದಳು.

ಹೌದು, ಒಂದು ಇಡೀ ದಿನ ಕಳೆದಿತ್ತು. ಆ ದಿನವೆಲ್ಲ ನನ್ನ ಸಂದರ್ಶನ, ನನ್ನ ಮರ್ಯಾದೆ, ನನ್ನ ಮೂರು ಸಾಲು ಎಂದು ತಳಮಳಿಸಿದ್ದೆನೇ ಹೊರತು ಆ ನಲವತ್ತು ಮನೆಗಳಲ್ಲಿ ಒಂದರ ನೆನಪೂ ಬಂದಿರಲಿಲ್ಲ. ಹದಿಮೂರು ವರ್ಷ ಪರರ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವಳು ನಾನು. ಅಷ್ಟು ನಾಚಿಕೆ ನನಗೆ ಯಾರ ಮುಂದೆಯೂ ಆಗಿರಲಿಲ್ಲ.

"ಕೋಡ್ ಬರೆಯೋದನ್ನ ಇಲ್ಲಿ ಕಲಸ್ತೇವ್ರಿ, ಅದೇನ ದೊಡ್ಡದಲ್ಲ" ಎಂದು ಅವಳು ಎದ್ದಳು. "ಮೊದಲ ಫೋನ್ ಮಾಡ್ರಿ. ಎಲ್ಲಾರಿಗೂ ಹೇಳಿದ ಮ್ಯಾಲೆ ನನಗೊಂದು ಮೆಸೇಜ್ ಹಾಕ್ರಿ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಒಂದೊಂದೇ ನಂಬರು ಒತ್ತತೊಡಗಿದೆ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಬೈಸಿಕೊಳ್ಳಲು ತಯಾರಾಗಿದ್ದೆ. ಸವಣೂರಿನ ಒಬ್ಬ ಹಿರಿಯರು ನಕ್ಕುಬಿಟ್ಟರು. "ಅಯ್ಯ, ಅದನ್ನ ಯಾರು ನೋಡ್ತಾರವಾ? ಛಂದ ಅದ ಅಂತ ಬಂದವರಿಗೆ ತೋರಸ್ತೇವಿ. ದಿವಸಾ ಭಟ್ಟರನ್ನ ಕೇಳತೇವಿ." ಯಲವಿಗಿಯ ನಿವೃತ್ತ ಮಾಸ್ತರರು, "ತಪ್ಪು ನನಗ ಹಿಂದಿನ ತಿಂಗಳನ ಕಂಡಿತ್ತು. ಪಾಪ, ಹೊಸದಾಗಿ ಕಲೀಲಿಕ್ಕತ್ತಾಳ, ಬ್ಯಾಸರಾ ಮಾಡ್ಕೋತಾಳ ಅಂತ ಸುಮ್ಮನಿದ್ದೆ" ಎಂದರು. ಮನೆ ಮನೆಯಲ್ಲೂ ಇದೇ ಮಾತು. ಹೊಗಳಿಕೆ ನನಗೆ, ನಂಬಿಕೆ ಭಟ್ಟರಿಗೆ. ಯಾರಿಗೂ ತೊಂದರೆ ಆಗಿಲ್ಲವಲ್ಲ ಎಂದು ಸಮಾಧಾನಪಡಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಮಗುವಿನ ತೊದಲು ಮಾತಿಗೆ ಚಪ್ಪಾಳೆ ತಟ್ಟಿದ ಹಾಗೆ ತಟ್ಟಿದ್ದರು ಇವರೆಲ್ಲ.

ಮನೆ ಮುಟ್ಟಿದಾಗ ಸಂಜೆ ಐದು. ಶ್ರಾದ್ಧ ಮುಗಿಸಿ ಭಟ್ಟರು ಹೋಗಿದ್ದರು. ಅತ್ತೆ ಕಾಲು ಚಾಚಿ ಗೋಡೆಗೆ ಒರಗಿದ್ದರು. ಎಲ್ಲ ಸಸೂತ್ರ ಆಯಿತು ಎಂದರು. ನಾನು ಆಫೀಸಿನಲ್ಲಿ ನಡೆದದ್ದನ್ನು ಹೇಳಿದೆ. ಕೇಳಿ ಮುಗಿಸಿ ಅವರು ಕೇಳಿದ್ದು ಒಂದೇ.

"ಹಿರೇಕೆರೂರಿಗೆ ಹೇಳಿದೇನು?"

ಹೇಳಿರಲಿಲ್ಲ. ಹಿರೇಕೆರೂರಿನಲ್ಲಿರುವುದು ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು. ಅಲ್ಲಿ ಕರೆದಾಗ ಬರುವ ಭಟ್ಟರಿಲ್ಲ, ಅವಳ ಗಂಡ ಪುಸ್ತಕ ನೋಡಿಕೊಂಡು ತಾನೇ ಸಂಕ್ಷೇಪದಲ್ಲಿ ಮಾಡುತ್ತಾನೆ. ಶ್ರಾವಣದಲ್ಲಿ ಅವಳ ಅತ್ತೆಯ ಶ್ರಾದ್ಧ ಬಂದಿತ್ತು. "ವೈನಿ, ಈ ಸಲಾ ನಿಮ್ಮ ಪುಟಾ ನೋಡೇ ಮಾಡಿದ್ವಿ, ಯಾರನ್ನೂ ಕೇಳಲಿಲ್ಲ" ಎಂದು ಮೆಸೇಜ್ ಹಾಕಿದ್ದಳು. ನಾನು ಅದರ ಫೋಟೋ ತೆಗೆದು ಕೋರ್ಸಿನ ಗುಂಪಿನಲ್ಲಿ ಹಾಕಿ ಮೆರೆದಿದ್ದೆ. ಅವಳಿಗೆ ಕೊನೆಗೆ ಮಾಡೋಣ ಎಂದು ಉಳಿಸಿಕೊಂಡು, ಬಸ್ಸಿನಲ್ಲಿ ವಾಪಸು ಬರುವಾಗ ಸರಿಪಡಿಸಿದ ಪುಟದಲ್ಲಿ ಆ ತಿಥಿ ಹಾಕಿ ನೋಡಿದೆ. ಹಿಂದಿನ ದಿನ ಎಂದು ತೋರಿಸಿತು. ಆಮೇಲೆ ಫೋನು ಮಾಡಲು ಕೈ ಬರಲಿಲ್ಲ.

ಆಫೀಸಿನವಳಿಗೆ "ಮೂವತ್ತೊಂಬತ್ತು ಮನೆಗೆ ಹೇಳಿದೆ, ಒಂದು ಉಳಿದಿದೆ" ಎಂದು ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು. "ಅವರಿಗೂ ಹೇಳ್ರಿ. ಒಂದನೇ ತಾರೀಖಿಗೆ ಕೆಲಸಕ್ಕ ಬರ್ರಿ." ಇದನ್ನು ಓದಿದಾಗ ಕುಣಿಯುತ್ತೇನೆ ಎಂದುಕೊಂಡಿದ್ದೆ. ಪಡಸಾಲೆಯಲ್ಲಿ ನಾಲ್ಕು ಸಲ ತಿರುಗಾಡಿ, ಹಿರೇಕೆರೂರಿನ ನಂಬರು ಒತ್ತಿದೆ.

ಹೇಳಬೇಕಾದ್ದನ್ನು ಹೇಳಿದೆ. ನನ್ನದೇ ತಪ್ಪು ಎಂದೂ ಹೇಳಿದೆ. ನಾದಿನಿ ಸಿಟ್ಟಾಗಲಿಲ್ಲ. ನಗಲೂ ಇಲ್ಲ.

"ಹಂಗಾರ ಹಿಂದಿನ ದಿವಸ ಇತ್ತೇನ್ರಿ?" ಎಂದಳು. "ಆವತ್ತು ನಾವು ಮನ್ಯಾಗ ಇರಲಿಲ್ಲ ವೈನಿ. ಲಗ್ನಕ್ಕ ಹೋಗಿದ್ವಿ. ಬಾಗಿಲಾ ಹಾಕಿತ್ತು." ಆಮೇಲೆ, ನನಗಲ್ಲ, ತನಗೇ ಹೇಳಿಕೊಳ್ಳುವಂತೆ, "ಅತ್ತಿಯವರಿಗೆ ಊಟಾ ಹೊತ್ತಿಗೆ ಸರಿಯಾಗಿ ಆಗಬೇಕಿತ್ತು. ತಡಾ ಆದ್ರ ಯಾರನ್ನೂ ಕರೀತಿರಲಿಲ್ಲ, ಸುಮ್ಮನ ಕೂಡತಿದ್ರು. ಬಂದು, ಹಸಗೊಂಡ ಹೋಗಿರಬೇಕು" ಎಂದಳು.

ತಪ್ಪು ನನ್ನದು ಎಂದು ಇನ್ನೊಮ್ಮೆ ಹೇಳಿದೆ. ಅವಳು ಬೇರೆ ಮಾತು ತೆಗೆದಳು.

"ವೈನಿ, ನಮ್ಮ ಮಾವನವರದು ಮಾರ್ಗಶಿರದಾಗ ಬರ್ತದಲ್ಲ. ಬಹುಳ ನವಮಿ. ಅದು ಯಾವತ್ತು? ನೋಡಿ ಹೇಳ್ರಿ."

"ಯಾರರೆ ಭಟ್ಟರನ್ನ ಕೇಳವಾ" ಎಂದೆ.

"ನೀವ ಹೇಳ್ರಿ."

ಲ್ಯಾಪ್‌ಟಾಪು ತೆರೆದೇ ಇತ್ತು. ಮಾಸ, ಪಕ್ಷ, ತಿಥಿ ಆರಿಸಿ ಒತ್ತಿದೆ. ವಾರ, ತಾರೀಖು ಎರಡೂ ಆ ಕ್ಷಣಕ್ಕೇ ಬಂದವು. ಓದಿ ಹೇಳಲು ನನ್ನಿಂದಾಗಲಿಲ್ಲ. ಒಂದು ನಿಮಿಷ ತಡಿ ಎಂದು ಹೇಳಿ, ಪಂಚಾಂಗ ತೆಗೆದುಕೊಂಡು ನೆಲದ ಮೇಲೆ ಕುಳಿತೆ. ಮಾರ್ಗಶಿರದ ಮೊದಲ ದಿನದಿಂದ ಹಿಡಿದು ಸಾಲು ಸಾಲಿಗೂ ಬೆರಳಿಟ್ಟು, ಕೊನೆಗಿದ್ದ ಶ್ರಾದ್ಧದ ತಿಥಿಯವರೆಗೆ ಓದುತ್ತ ಹೋದೆ. ಆ ತುದಿಯಲ್ಲಿ ನಾದಿನಿ ಫೋನು ಹಿಡಿದುಕೊಂಡು ಸುಮ್ಮನೆ ಕಾಯುತ್ತಿದ್ದಳು.